ಯಾರ ಮನೆಯದೂ ಅಲ್ಲದ ಬಟ್ಟಲು

ಒಣದ್ರಾಕ್ಷಿಯನ್ನು ಹಿಂದಿನ ದಿನವೇ ನೆನೆಹಾಕಬೇಕು. ಕಪ್ಪು ದ್ರಾಕ್ಷಿಯಾದರೆ ಒಳ್ಳೆಯದು. ಬಿಜಾಪುರದ ಪೇಟೆಯಲ್ಲಿ ಸಿಗುತ್ತದೆ. ತೊಟ್ಟು ಬಿಡಿಸಿರುವುದಿಲ್ಲ, ಅದನ್ನು ನಾವೇ ಬಿಡಿಸಬೇಕು. ಉಬ್ಬಿದ ಮೇಲೆ ಅದೇ ನೀರಿನಲ್ಲಿ ಸಣ್ಣ ಉರಿಯ ಮೇಲೆ ಕುದಿಸಿ, ಕೈಯಿಂದ ಕಿವುಚಿ, ಹಳೆಯ ಧೋತರದ ತುಂಡಿನಲ್ಲಿ ಹಿಂಡಿ, ಮತ್ತೊಮ್ಮೆ ಸೋಸಿ ಇಟ್ಟರೆ ಪ್ರಭುಭೋಜನಕ್ಕೆ, ಅಂದರೆ ಯೇಸುವಿನ ಕಡೆಯ ಊಟದ ನೆನಪಿಗೆ ಸಭೆಯವರು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಗೆ, ಬೇಕಾದ ರಸ ತಯಾರು. ಬೇಸಗೆಯಲ್ಲಿ ಮರುದಿನಕ್ಕೇ ಹುಳಿ ಹಿಡಿಯುತ್ತದೆ. ಆದ್ದರಿಂದ ಪಾದ್ರಿ ಸಾಹೇಬರು ಬರುವುದು ಖಚಿತವಾಗುವವರೆಗೆ ನೆನೆಹಾಕುವಂತಿಲ್ಲ.

ಇಷ್ಟನ್ನು ನಾನು ಖಾತ್ರಿಯಿಂದ ಹೇಳಬಲ್ಲೆ. ಇದು ಕೈಗಳು ನೆನಪಿಟ್ಟುಕೊಂಡದ್ದು. ಉಳಿದದ್ದನ್ನು ತಲೆ ನೆನಪಿಟ್ಟುಕೊಂಡಿದೆ, ಮತ್ತು ತಲೆಗೆ ಎಲ್ಲವನ್ನೂ ಚಂದಗಾಣಿಸುವ ಚಾಳಿ. ಈ ಪ್ರಸಂಗವನ್ನು ಹಿಂದೆಯೂ ಬರೆದು ಹರಿದುಹಾಕಿದ್ದೇನೆ. ಮೊದಲ ಸಲ ಬರೆದಾಗ ನಾನು ಧೀರನಾಗಿದ್ದೆ. ಆಮೇಲೆ ಬರೆದಾಗ ಎಲ್ಲರೂ ಒಳ್ಳೆಯವರಾಗಿದ್ದರು. ಈ ಸಲ ಆದದ್ದನ್ನು ಆದ ಕ್ರಮದಲ್ಲೇ ಹೇಳುತ್ತೇನೆ. ನೆನಪು ಎಲ್ಲಿ ಕೈಕೊಡುತ್ತದೋ ಅಲ್ಲಿ ಹಾಗೆಂದು ಹೇಳಿ ಮುಂದೆ ಹೋಗುತ್ತೇನೆ.

ಹಳ್ಳಿ ಜತ್ತ ತಾಲೂಕಿನದು, ವಳಸಂಗಕ್ಕೂ ಉಮದಿಗೂ ನಡುವೆ. ಹೆಸರು ಬರೆಯುವುದಿಲ್ಲ, ಇದರಲ್ಲಿ ಬರುವವರ ಮೊಮ್ಮಕ್ಕಳು ಅಲ್ಲೇ ಇದ್ದಾರೆ. ಮಿಶನ್ನಿನವರು ನನ್ನನ್ನು ಅಲ್ಲಿಗೆ ಕಳಿಸಿದಾಗ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಕೆಲವು ವರ್ಷಗಳಾಗಿದ್ದವು. ಹಗಲು ಸಣ್ಣ ಮಕ್ಕಳಿಗೆ ಸಾಲೆ, ಸಂಜೆ ತರುಣರಿಗೆ ಧರ್ಮದ ಪಾಠ. ಕ್ರೈಸ್ತರಾದವರಿಗೆ ಸರಕಾರದ ಸವಲತ್ತು ಸಿಗುವುದಿಲ್ಲ ಎಂಬ ಮಾತು ಆಗ ಎಲ್ಲ ಕಡೆ ಹಬ್ಬಿತ್ತು. "ಹಳಬರು ಹೇಗೋ ಇರುತ್ತಾರೆ, ತರುಣರು ಜಾರುತ್ತಿದ್ದಾರೆ. ಅವರನ್ನು ನಂಬಿಕೆಯಲ್ಲಿ ಗಟ್ಟಿಯಾಗಿ ನಿಲ್ಲಿಸು" ಎಂದು ಹೇಳಿ ಕಳಿಸಿದ್ದರು. ಹೇಗೆ ಎಂದು ಯಾರೂ ಹೇಳಲಿಲ್ಲ.

ಊರ ಹೊರಗೆ ಎರಡು ಓಣಿಗಳಿದ್ದವು. ಒಂದು ದಿನ್ನೆಯ ಮೇಲೆ: ಊರ ಕಾವಲು ಕಾಯುವವರು, ಸುದ್ದಿ ಒಯ್ಯುವವರು ಅಲ್ಲಿದ್ದರು. ಇನ್ನೊಂದು ಹಳ್ಳದ ಬದಿಗೆ: ಹಗ್ಗ ಹೊಸೆಯುವವರು, ಹಲಗೆ ಬಾರಿಸುವವರು. ಊರಿನವರ ಕಣ್ಣಿಗೆ ಎರಡೂ ಒಂದೇ. ಎರಡೂ ಓಣಿಯ ಹೆಂಗಸರು ಬಾವಿಯ ಕೆಳಗೆ ಕೊಡ ಹಿಡಿದು ನಿಂತು, ಯಾರಾದರೂ ಮೇಲಿನಿಂದ ಹೊಯ್ಯಲಿ ಎಂದು ಕಾಯಬೇಕಿತ್ತು. ಆದರೆ ದಿನ್ನೆಯ ಓಣಿಯವರು ಹಗ್ಗದ ಓಣಿಯವರ ಕೈಯ ನೀರು ಮುಟ್ಟುತ್ತಿರಲಿಲ್ಲ. ಎರಡೂ ಕಡೆ ಕೆಲವು ಮನೆಗಳು ಕ್ರೈಸ್ತವಾಗಿದ್ದವು. ದೇವಾಲಯ ಮಾತ್ರ ಒಂದೇ. ಅದೇ ಸಾಲೆ ಕೂಡ. ನಾನು ಹುಟ್ಟಿದ್ದು ಬೇರೊಂದು ಊರಿನ ದಿನ್ನೆಯ ಓಣಿಯಲ್ಲಿ. ಇದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ಆ ದೇವಾಲಯವನ್ನು ಕಟ್ಟಿಸಿದವರು ದಿನ್ನೆಯ ಓಣಿಯ ಹವಾಲ್ದಾರರು. ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿ ಬಂದವರು, ಈಗ ಸಭೆಯ ಹಿರಿಯರು. ಗೋಡೆಯ ಕಲ್ಲನ್ನು ಸ್ವತಃ ಹೊತ್ತಿದ್ದರು. ಪಾದ್ರಿ ಸಾಹೇಬರು ಕೆಲವು ತಿಂಗಳಿಗೊಮ್ಮೆ ಬಂದು ಪ್ರಭುಭೋಜನ ನಡೆಸುವಾಗ ಬಟ್ಟಲನ್ನು ಹಿಡಿದು ಸಾಲಿನ ಉದ್ದಕ್ಕೂ ಕೊಡುತ್ತ ಹೋಗುವ ಕೆಲಸವೂ ಅವರದೇ. ನಾನು ಹೋದ ಹೊಸತರಲ್ಲಿ ಅದನ್ನು ನೋಡಿದೆ. ರೊಟ್ಟಿಯ ತುಂಡಿಗೆ ತಂಟೆ ಇರಲಿಲ್ಲ. ಒಣಗಿದ ಪದಾರ್ಥಕ್ಕೆ ಮೈಲಿಗೆ ಅಷ್ಟಾಗಿ ತಟ್ಟುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಬಟ್ಟಲು ಮಾತ್ರ ದಿನ್ನೆಯ ಓಣಿಯವರ ಕೈಯಿಂದ ಕೈಗೆ ಹೋಗಿ, ಹಗ್ಗದ ಓಣಿಯವರ ಹತ್ತಿರ ಬಂದಾಗ ಹವಾಲ್ದಾರರ ಕೈಯಲ್ಲೇ ಉಳಿಯಿತು. ಹಗ್ಗದ ಓಣಿಯವರು ಬೊಗಸೆ ಒಡ್ಡಿದರು. ಹವಾಲ್ದಾರರು ಮೇಲಿನಿಂದ ಹನಿಸಿದರು. ಯಾರ ಮುಖದಲ್ಲೂ ಏನೂ ಕಾಣಲಿಲ್ಲ. ಹಾಡು ನಡೆದೇ ಇತ್ತು.

ನನ್ನ ಸಂಜೆಯ ವರ್ಗದಲ್ಲಿ ಹಗ್ಗದ ಓಣಿಯಿಂದ ಬರುತ್ತಿದ್ದವನು ಒಬ್ಬನೇ ತರುಣ. ತಂದೆ ಇಲ್ಲ, ಕಾಕನ ಜೊತೆ ಹಗ್ಗ ಹೊಸೆಯುತ್ತಿದ್ದ. ಕಾಕ ಕ್ರೈಸ್ತನಲ್ಲ, ಊರ ಹಲಗೆ ಬಾರಿಸುವವನು. ತರುಣನನ್ನು ಕಾಣಲು ನಾನು ಹಳ್ಳದ ಬದಿಗೆ ಹೋದಾಗ ಅವನು ಪುಂಡಿಯ ನಾರನ್ನು ಸೊಂಟಕ್ಕೆ ಕಟ್ಟಿಕೊಂಡು ಹಿಂದೆ ಹಿಂದೆ ನಡೆಯುತ್ತ ಎಳೆ ಬಿಡುತ್ತಿದ್ದ. ಆ ತುದಿಯಲ್ಲಿ ಕಾಕ ಕೊಕ್ಕೆಯ ಚಕ್ರ ತಿರುಗಿಸುತ್ತಿದ್ದ.

"ಬರ್ರಿ ಮಾಸ್ತರ, ಇದನ್ನ ಹಿಡೀರಿ" ಎಂದ ಕಾಕ, ಚಕ್ರದ ಹಿಡಿಕೆಯನ್ನು ನನ್ನ ಕೈಗೆ ಕೊಟ್ಟು. "ಸುಮ್ಮ ನಿಂತು ಉಪದೇಶ ಮಾಡೂದಕಿಂತ ತಿರುವಿಕೋತ ಮಾಡ್ರಿ. ನಮಗೂ ಒಂದೀಟ ಲಾಭ."

ನಾನು ತಿರುಗಿಸಿದೆ. ಧರ್ಮಪಾಠದ ಪರೀಕ್ಷೆಗೆ ಕೂಡಬೇಕು, ಈ ಸಲ ಹೊಸಬರ ಸಾಲಿನಲ್ಲಿ ಮೊದಲ ಬಾರಿಗೆ ಪ್ರಭುಭೋಜನ ತೆಗೆದುಕೊಳ್ಳಬೇಕು ಎಂದು ತರುಣನಿಗೆ ಹೇಳಿದೆ. ಉತ್ತರ ಕಾಕನಿಂದ ಬಂತು.

"ಊರಾಗ ಎತ್ತಿ ಹೊಯ್ತಾರ. ನಿಮ್ಮ ದೇವರ ಮನ್ಯಾಗೂ ಎತ್ತಿ ಹೊಯ್ತಾರ. ಊರಾಗ ಹೊಯ್ದವರು ಸುಗ್ಗ್ಯಾಗ ಒಂದ ಬುಟ್ಟಿ ಜ್ವಾಳರ ಹಾಕ್ತಾರ. ನಿಮ್ಮಲ್ಲಿ ಏನ ಹಾಕ್ತಾರ್ರಿ? ಹಾಡು!"

"ಕಾಕಾ, ಸುಮ್ಕಿರು" ಎಂದ ತರುಣ. ನಿಂತ. ಎಳೆ ಸಡಿಲಾಯಿತು. "ಮಾಸ್ತರ, ಒಂದ ಮಾತ ಹೇಳತೀನಿ. ಪರೀಕ್ಷಾ ಕೊಡತೀನಿ. ನೀವು ಕೇಳಿದ್ದಕ್ಕೆಲ್ಲಾ ಉತ್ತರಾ ಹೇಳತೀನಿ. ಆದ್ರ ಅವತ್ತ ಬಟ್ಟಲಾ ಎಲ್ಲಾರ ಕೈಗೆ ಬಂದಂಗ ನನ್ನ ಕೈಗೂ ಬರಬೇಕು. ಬರಲಿಲ್ಲಂದ್ರ ಮರುದಿನಾನ ಕಾಕಾನ ಹಲಗಿ ಹೆಗಲಿಗೆ ಹಾಕ್ಕೋತೀನಿ. ಆಮ್ಯಾಲ ನೀವು ಕರಿಯಾಕ ಬರಬ್ಯಾಡ್ರಿ."

"ತಿರುವ್ರಿ, ತಿರುವ್ರಿ. ಹಗ್ಗ ಬಿಚ್ಚಾಕ ಹತ್ತೇತಿ" ಎಂದು ಕಾಕ ನಕ್ಕ.

ಇದಾದ ಸ್ವಲ್ಪ ದಿನಕ್ಕೆ ಮಿಶನ್ನಿನಿಂದ ಒಂದು ಪೆಟ್ಟಿಗೆ ಬಂತು. ಒಳಗೆ ತೂತುಗಳಿದ್ದ ಕಟ್ಟಿಗೆಯ ತಾಟು, ತೂತಿಗೊಂದರಂತೆ ಹೆಬ್ಬೆರಳಿನ ಗಾತ್ರದ ಗಾಜಿನ ಗ್ಲಾಸು. ಕ್ಷಯರೋಗ ಹರಡುತ್ತಿದೆ, ಇನ್ನು ಮುಂದೆ ಒಂದೇ ಬಟ್ಟಲಲ್ಲಿ ಎಲ್ಲರೂ ಕುಡಿಯುವುದು ಬೇಡ, ಒಬ್ಬೊಬ್ಬರಿಗೂ ಒಂದೊಂದು ಗ್ಲಾಸು ಎಂದು ಮಿಶನ್ನಿನ ಡಾಕ್ಟರರ ಸೂಚನೆ. ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಎಲ್ಲರಿಗೂ ಒಂದೇ ಅಳತೆಯ, ಒಂದೇ ಬಣ್ಣದ ಗ್ಲಾಸು. ಎತ್ತಿ ಹೊಯ್ಯುವ ಪ್ರಶ್ನೆಯೇ ಇಲ್ಲ. ಪೆಟ್ಟಿಗೆಯನ್ನು ಎಲ್ಲಿಡುವುದು? ಸಾಲೆಯಲ್ಲಿಟ್ಟರೆ ಮಕ್ಕಳು ಒಡೆದಾರು ಎಂದು ಹವಾಲ್ದಾರರ ಮನೆಯಲ್ಲಿಟ್ಟೆ.

ಹವಾಲ್ದಾರರ ಮಗಳೂ ನನ್ನ ವರ್ಗದಲ್ಲಿದ್ದಳು. ಬೈಬಲ್ಲು ನಮ್ಮಲ್ಲಿ ಮರಾಠಿಯದು. ನಾನು ಓದಿ ಕನ್ನಡದಲ್ಲಿ ತಿಳಿಸುತ್ತಿದ್ದೆ. ಅವಳು ಮಾತ್ರ ನನ್ನ ಕನ್ನಡವನ್ನು ಮತ್ತೆ ಮರಾಠಿಯ ಮೂಲಕ್ಕೆ ಹೋಲಿಸಿ, "ಮಾಸ್ತರ, ನೀವು ಒಂದ ಮಾತ ನುಂಗಿದ್ರಿ" ಎನ್ನುತ್ತಿದ್ದಳು. ಹೊಸಬರಿಗೆ ಗ್ಲಾಸು ಹಿಡಿಯುವ ರೀತಿ ತೋರಿಸಬೇಕಾಗಿತ್ತು. ಪೆಟ್ಟಿಗೆ ತರಲು ಹೇಳಿದೆ. ತಂದಳು. ತೆರೆಯುವ ಮೊದಲು ಸ್ವಲ್ಪ ಹೊತ್ತು ಅದರ ಮೇಲೆ ಕೈ ಇಟ್ಟುಕೊಂಡು ಕುಳಿತಳು.

"ಮಾಸ್ತರ, ಇದರ ತಳಾ ನೋಡ್ರಿ."

ಗ್ಲಾಸನ್ನು ಬೆಳಕಿಗೆ ಹಿಡಿದಳು. ಕಂದೀಲಿನ ಬೆಳಕಿಗೋ ಕಿಟಕಿಯ ಬೆಳಕಿಗೋ, ಎರಡೂ ಚಿತ್ರಗಳು ನನ್ನಲ್ಲಿವೆ, ಒಂದು ಸುಳ್ಳಿರಬೇಕು. ತಳದಲ್ಲಿ ಅರಗಿನ ಕೆಂಪು ಚುಕ್ಕೆಯೊಂದು ಅಂಟಿತ್ತು, ಕಡಲೆಯ ಅರ್ಧದಷ್ಟು. ತಾಟಿನ ಕೊನೆಯ ಸಾಲಿನ ಗ್ಲಾಸುಗಳಿಗೆಲ್ಲ ಹಾಗೆಯೇ. ಉಳಿದವು ಸ್ವಚ್ಛ.

"ಯಾರು ಹಚ್ಚಿದ್ದು?"

"ಅವ್ವ. ತೊಳಿಯೂ ಮುಂದ ಕೂಡಬಾರದಂತ." ಅವಳ ದನಿ ಸಣ್ಣದಾಯಿತು. "ಅಪ್ಪಗ ಗೊತ್ತೈತ್ರಿ."

ಹಗ್ಗದ ಓಣಿಯ ತರುಣ ಗ್ಲಾಸನ್ನು ಇಸಿದುಕೊಂಡು ತಿರುಗಿಸಿ ನೋಡಿದ.

"ಚಾದ ಅಂಗಡ್ಯಾಗ ನಮ್ಮ ಕಪ್ಪು ಗೂಟಕ್ಕ ತೂಗಹಾಕಿರತಾರ. ಇಲ್ಲಿ ತಳಕ್ಕ ಚುಕ್ಕಿ ಇಟ್ಟಾರ. ಭಾಳ ಸುಧಾರಣಾ ಆಗೈತಿ ಬಿಡ್ರಿ ಮಾಸ್ತರ."

ಮರುದಿನ ಹವಾಲ್ದಾರರ ಮನೆಗೆ ಹೋದೆ. ಫೌಜಿನ ಹಳೆಯ ಕೋಟು ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. "ಕುಂದ್ರಿ ಮಾಸ್ತರ" ಎಂದರು. ನಾನು ಚುಕ್ಕೆಯ ಮಾತು ತೆಗೆದೆ. ಅವರು ಅಲ್ಲಗಳೆಯಲಿಲ್ಲ.

"ನಿಮಗ ನಾ ಕೆಟ್ಟವ ಕಾಣತೀನಿ. ಕಾಣ್ರಿ. ಬರ್ಮಾದಾಗ ಒಂದ ಮಗ್ಗಿನ್ಯಾಗ ಹತ್ತು ಮಂದಿ ಚಾ ಕುಡದೀವಿ. ಯಾರು ಏನು ಅಂತ ಕೇಳಲಿಲ್ಲ. ಕೇಳೂವಷ್ಟು ಹೊತ್ತು ಬದುಕತೀವಿ ಅನ್ನೂ ಖಾತ್ರಿ ಯಾರಿಗೂ ಇರಲಿಲ್ಲ. ಅದು ಫೌಜು. ಇದು ಊರು."

"ದೇವಾಲಯ ಊರಲ್ಲಲ್ರಿ ಹವಾಲ್ದಾರ್ರ."

"ಹಂಗಾದ್ರ ನನ್ನ ಮಗಳ ಲಗ್ನ ದೇವಾಲಯ ಮಾಡತೈತೇನು? ನಮ್ಮ ಸಂಬಂಧಿಕ್ರು ಎಷ್ಟ ಮಂದಿ ಕ್ರಿಸ್ತನ್ನ ಒಪ್ಪ್ಯಾರ? ಮನಿ ತುಂಬ ಹಳೇ ಮಂದಿ. ನಾವು ಕ್ರಿಸ್ತಾಂವ್ರಾಗಿದ್ದನ್ನ ಹೆಂಗೋ ನುಂಗ್ಯಾರ. ಹಗ್ಗದವರ ಎಂಜಲಾ ಕುಡದ ಹುಡುಗೀನ ನುಂಗಾಕಿಲ್ಲ." ಕೋಟಿನ ಗುಂಡಿಯನ್ನು ಹಾಕಿ ತೆಗೆದು ಮಾಡುತ್ತಿದ್ದರು. "ಊರಾಗ ನನಗೂ ಎತ್ತೇ ಹೊಯ್ತಾರ ಮಾಸ್ತರ. ನನಗ ತಿಳೀದಂತ ಮಾಡಬ್ಯಾಡ್ರಿ."

ನಾನು ಎದ್ದು ಬಂದೆ. ಅವರ ಮಾತಿಗೆ ಈಗಲೂ ಅರ್ಧ ಉತ್ತರ ಮಾತ್ರ ನನ್ನಲ್ಲಿದೆ.

ಚುಕ್ಕೆಗಳನ್ನು ಕೆರೆದು ತೆಗೆಯಬಹುದಿತ್ತು. ಆದರೆ ಯಾವ ಗ್ಲಾಸಿಗೆ ಇತ್ತು ಎಂಬುದು ತೊಳೆಯುವವರಿಗೆ ಗೊತ್ತೇ ಇರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಗ್ಲಾಸು ಎಂದಾಗ ನಾನು ಸಮಾನತೆ ಬಂತು ಎಂದುಕೊಂಡಿದ್ದೆ. ಬಂದದ್ದು ಯಾರೂ ಯಾರ ಎಂಜಲನ್ನೂ ಮುಟ್ಟದೆ ಇರುವ ಅನುಕೂಲ. ಎತ್ತಿ ಹೊಯ್ಯುವುದರಲ್ಲಿ ಕಣ್ಣಿಗೆ ಕಾಣುವ ಅವಮಾನವಾದರೂ ಇತ್ತು. ಗ್ಲಾಸು ಅದನ್ನೂ ಮುಚ್ಚಿಬಿಟ್ಟಿತ್ತು.

ಮೇಜು ಅಣಿಮಾಡುವ ಕೆಲಸ ನನ್ನದು. ನಾನು ನಿಶ್ಚಯಿಸಿದೆ: ವರ್ಗಕ್ಕೆ ತಂದ ಗ್ಲಾಸಿನ ಪೆಟ್ಟಿಗೆ ಹವಾಲ್ದಾರರ ಮನೆಗೆ ಹಿಂತಿರುಗದೆ ನನ್ನ ಟ್ರಂಕಿನಲ್ಲೇ ಇರಲಿ. ಮೇಜಿನ ಮೇಲೆ ಒಂದೇ ಬಟ್ಟಲು. ಮತ್ತು ಹೊಸಬರ ಸಾಲಿನಲ್ಲಿ ಹಗ್ಗದ ಓಣಿಯ ತರುಣ ಮೊದಲು ಕೂಡಬೇಕು. ಕೊನೆಯಲ್ಲಿ ಕುಳಿತವನ ಕೈಗೆ ಬಟ್ಟಲು ಕೊಡುವುದು ದೊಡ್ಡ ಮಾತಲ್ಲ. ಅವನ ನಂತರ ಕುಡಿಯಬೇಕಾದವರು ಯಾರೂ ಇರುವುದಿಲ್ಲ. ಮೊದಲು ಕುಳಿತರೆ ಎಲ್ಲರೂ ಅವನ ನಂತರದವರು.

ಇನ್ನು ಬಟ್ಟಲು ಯಾರದು? ಇದುವರೆಗೆ ಬಳಸುತ್ತಿದ್ದ ದಿನ್ನೆಯ ಓಣಿಯ ಬಟ್ಟಲನ್ನು ಹಗ್ಗದ ತರುಣನ ಬಾಯಿಗೆ ಕೊಡುವುದಿಲ್ಲ, ಹಗ್ಗದ ಓಣಿಯದನ್ನು ದಿನ್ನೆಯವರು ಮುಟ್ಟುವುದಿಲ್ಲ. ಮಣ್ಣಿನದಾದರೆ ಕುಡಿದು ಒಡೆದುಬಿಡಿ ಎನ್ನುತ್ತಾರೆ. ಸೈಕಲ್ಲು ತುಳಿದು ಉಮದಿಯ ಸಂತೆಗೆ ಹೋದೆ. ಪಾತ್ರೆ ಮಾರುವ ಮುಸಲ್ಮಾನ ಮುದುಕರೊಬ್ಬರು ನನಗೆ ಪರಿಚಯ.

"ಹೊಸಾದು ಬೇಕ್ರಿ ಚಾಚಾ. ಯಾರೂ ಬಳಸಿರಬಾರದು."

"ಅರೇ, ಹಳೇದು ಮಾರಾಕ ನಾ ಏನ ಕಳ್ಳೇನು? ಯಾರ ಮನಿಗಿ ಬೇಕು?"

"ಯಾರ ಮನಿಗೂ ಅಲ್ಲ. ಯಾರ ಮನೀದೂ ಅಲ್ಲದ ಬಟ್ಟಲಾ ಬೇಕು."

ಮುದುಕರು ಕಂಚಿನ ಬಟ್ಟಲೊಂದನ್ನು ಬೆರಳಿನಿಂದ ಬಡಿದು ನಾದ ಕೇಳಿಸಿದರು. "ಅಂಗಡ್ಯಾಗ ಇರೂತನಾ ಯಾವ ಬಟ್ಟಲಾನೂ ಯಾರ ಮನೀದೂ ಅಲ್ಲ ಮಾಸ್ತರ. ಹೊಸ್ತಲಾ ದಾಟಿತಂದ್ರ ಅದಕ್ಕ ಮನಿ ಬರತೈತಿ, ಮನಿ ಹಿಂದ ಓಣಿ ಬರತೈತಿ. ಹೊಸ್ತಲಾ ದಾಟದ ಬಟ್ಟಲಾ ಮಾರಾಕ ನನಗೂ ಬರಂಗಿಲ್ಲ."

ನಾನು ಅದನ್ನು ನನ್ನ ಕೋಣೆಗೂ ಒಯ್ಯದೆ ನೇರ ದೇವಾಲಯಕ್ಕೆ ಒಯ್ದು ಮೇಜಿನ ಕೆಳಗಿಟ್ಟೆ. ಎಷ್ಟೋ ವರ್ಷ ಅದು ಹಿತ್ತಾಳೆಯದು ಎಂದೇ ನೆನಪಿಟ್ಟುಕೊಂಡಿದ್ದೆ. ಈಗ ಎದುರಿಗಿದೆ. ಕಂಚು.

ತಾಲೀಮು ಶುರುವಾಯಿತು. ನೀರು ತುಂಬಿದ ಬಟ್ಟಲು, ಬಾಗಿಲು ಮುಚ್ಚಿದ ಕೋಣೆ. ಇಲ್ಲಿ ನಾನು ಎಣಿಸದ ಒಂದು ಅಡ್ಡಿ ಎದುರಾಯಿತು. ಪ್ರಭುಭೋಜನದ ಬಟ್ಟಲೊಂದನ್ನು ಬಿಟ್ಟರೆ ನಮ್ಮಲ್ಲಿ ಯಾರೂ ಪಾತ್ರೆಗೆ ತುಟಿ ಹಚ್ಚಿ ಕುಡಿಯುವುದಿಲ್ಲ. ತಂಬಿಗೆಯನ್ನು ಎತ್ತಿ ಬಾಯಿಗೆ ಸುರಿದುಕೊಳ್ಳುತ್ತೇವೆ. ಜಾತಿಯ ಮಾತು ಬಿಡಿ, ಒಂದೇ ಮನೆಯಲ್ಲೂ ಹಾಗೆಯೇ. ಬಟ್ಟಲಿನ ಬಾಯಿ ಅಗಲ. ಎತ್ತಿ ಸುರಿದುಕೊಂಡರೆ ಮೂಗು, ಗದ್ದ, ಅಂಗಿ ಎಲ್ಲ ತೋಯುತ್ತಿತ್ತು. ಹವಾಲ್ದಾರರ ಅಣ್ಣನ ಮಗನಿಗೆ ನೆತ್ತಿ ಹತ್ತಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ತುಟಿ ಹಚ್ಚಬೇಕು" ಎಂದು ನಾನು ಹಚ್ಚಿ ತೋರಿಸಿದೆ.

"ಮಾಸ್ತರ, ನಾ ನಮ್ಮ ಅವ್ವನ ಎಂಜಲಾನೂ ಕುಡದಿಲ್ರಿ" ಎಂದ ಅಣ್ಣನ ಮಗ.

"ನನಗರ ನಿನ್ನ ಎಂಜಲದ ಆಸೆ ಐತೇನಲೇ?" ಎಂದ ಹಗ್ಗದ ತರುಣ. "ನಿನ್ನ ಹಲ್ಲ ನೋಡ್ಕೊಂಡೀಯೇನು? ತಂಬಾಕ ತಿಂದು ತಿಂದು ಸುಟ್ಟ ಕೂಳಿ ಆದಂಗ ಆಗ್ಯಾವ."

"ಇವಗೇನ ಚಿಂತಿ, ಮೊದಲ ಕುಂದರಾಂವ" ಎಂದಳು ಹವಾಲ್ದಾರರ ಮಗಳು. "ಎಲ್ಲಾರ ಎಂಜಲಾ ಕುಡಿಯಾಕಿ ಕಡೀಕ ಕುಂತ ನಾನು."

ಮತ್ತೆ ನಗೆ. ನಗುತ್ತ ನಗುತ್ತಲೇ ಬಟ್ಟಲು ಸುತ್ತಿತು. ಎಲ್ಲರೂ ತುಟಿ ಹಚ್ಚಿ ಕುಡಿದರು, ಅಣ್ಣನ ಮಗ ಕೂಡ. ನನಗೆ ಕೆಲಸ ಮುಗಿಯಿತು ಎನ್ನಿಸಿತು. ಅವರು ಗಟ್ಟಿಯಾಗಿದ್ದಾರೆ ಎಂದುಕೊಂಡೆ. ಅದು ನೀರಾಗಿತ್ತು, ಬಾಗಿಲು ಮುಚ್ಚಿತ್ತು, ಎನ್ನುವುದಕ್ಕೆ ಎಷ್ಟು ತೂಕ ಕೊಡಬೇಕೋ ಅಷ್ಟು ಕೊಡಲಿಲ್ಲ.

ಪಾದ್ರಿ ಸಾಹೇಬರು ಪ್ರಭುಭೋಜನದ ಹಿಂದಿನ ದಿನ ಸಂಜೆ ಚಕ್ಕಡಿಯಲ್ಲಿ ಬಂದಿಳಿದರು. ದಣಿದ ಮನುಷ್ಯ, ಸಾಧು. ಅವರಿಗೆ ಎಲ್ಲವನ್ನೂ ಹೇಳಿ ಅರಗಿನ ಚುಕ್ಕೆ ತೋರಿಸಿದೆ. ಅವರು ಉಗ್ರಾಣಿಯಂತೆ ಗ್ಲಾಸುಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ ನೋಡಿದರು.

"ರೋಗದ ಭಯ ಸುಳ್ಳಲ್ಲ ಮಾಸ್ತರ."

"ಚುಕ್ಕಿ ರೋಗಕ್ಕ ಇಟ್ಟಿದ್ದಲ್ಲರಿ."

"ನೀವು ಭಾಳ ಲಗೂನ ಹೊಂಟೀರಿ. ಮಂದಿ ನಿಮ್ಮ ಹಿಂದ ಇದ್ದಾರೋ ಇಲ್ಲೋ ಒಂದಿಷ್ಟ ತಿರುಗಿ ನೋಡ್ರಿ." ಗ್ಲಾಸುಗಳ ಪೆಟ್ಟಿಗೆ ಮುಚ್ಚಿದರು. "ಇರಲಿ. ಒಂದ ಬಟ್ಟಲಾ ಇಡ್ರಿ. ಮೊದಲ ನಾ ಕುಡೀತೀನಿ. ಮುಂದಿಂದು ಹಿರಿಯರ ಕೈಯಾಗ ಐತಿ."

ಬೆಳಿಗ್ಗೆ ಹವಾಲ್ದಾರರು ಎಂದಿನಂತೆ ಎಲ್ಲರಿಗಿಂತ ಮೊದಲು ಬಂದರು. ಕೋಟು ಇಸ್ತ್ರಿ ಮಾಡಿತ್ತು. ಮೇಜನ್ನು ನೋಡಿದರು.

"ಗ್ಲಾಸು?"

"ಟ್ರಂಕಿನ್ಯಾಗ."

"ಹುಕುಮ್ ಯಾರದು?"

"ನನ್ನದು."

ಅವರು ತಲೆಯಾಡಿಸಿ ತಮ್ಮ ಜಾಗಕ್ಕೆ ಹೋಗಿ ನಿಂತರು. ಜನ ತುಂಬಿದರು. ದಿನ್ನೆಯ ಓಣಿಯ ಕ್ರೈಸ್ತರಲ್ಲದ ಸಂಬಂಧಿಕರೂ ಹೊಸಬರನ್ನು ನೋಡಲು ಬಂದು ಹೊರಗೆ ಕಿಟಕಿಗೆ ಆತು ನಿಂತಿದ್ದರು. ಹಗ್ಗದ ತರುಣನ ಕಾಕ ಬಾಗಿಲ ಹೊರಗೆ ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಹೊಸಬರ ಸಾಲು ಮುಂದೆ: ಮೊದಲು ಅವನು, ಆಮೇಲೆ ದಿನ್ನೆಯ ಓಣಿಯ ಹುಡುಗರು, ಕೊನೆಗೆ ಹುಡುಗಿಯರು. ರೊಟ್ಟಿಯಾಯಿತು. ಪ್ರಾರ್ಥನೆಯಾಯಿತು. ಪಾದ್ರಿ ಸಾಹೇಬರು ಬಟ್ಟಲಿಗೆ ತುಟಿ ಹಚ್ಚಿ ಕುಡಿದು ಹವಾಲ್ದಾರರ ಕೈಗೆ ಕೊಟ್ಟರು.

ಹವಾಲ್ದಾರರು ನಾಲ್ಕು ಹೆಜ್ಜೆ ನಡೆದು ಬಂದು ಹಗ್ಗದ ತರುಣನ ಎದುರು ನಿಂತರು. ಬಟ್ಟಲನ್ನು ಎತ್ತಿ ಹಿಡಿಯಲಿಲ್ಲ. ಬಾಗಿ ಅವನ ಎರಡೂ ಕೈಗಳಲ್ಲಿಟ್ಟರು. ಅವನು ಕುಡಿದ. ಹಿಂದಕ್ಕೆ ಕೊಟ್ಟ. ಅವರು ಇಸಿದುಕೊಂಡರು. ಗೆದ್ದೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ.

ಅವರು ಮುಂದಿನವನ, ತಮ್ಮ ಅಣ್ಣನ ಮಗನ ಎದುರು ನಿಂತು ಮೆಲ್ಲಗೆ ಕೇಳಿದರು: "ಕುಡೀತೀಯೇನೋ ತಮ್ಮಾ?"

ಎಂದೂ ಯಾರನ್ನೂ ಹಾಗೆ ಕೇಳುವ ಪದ್ಧತಿ ಇರಲಿಲ್ಲ. ದನಿಯಲ್ಲಿ ಬೆದರಿಕೆ ಇರಲಿಲ್ಲ. ಕಿಟಕಿಯಲ್ಲಿ ಅವನ ತಾಯಿಯ ಮುಖವಿತ್ತು. ಹುಡುಗ ಕಿಟಕಿ ನೋಡಿದ, ನೆಲ ನೋಡಿದ, ತಲೆ ಅಲ್ಲಾಡಿಸಿದ. ಹವಾಲ್ದಾರರು ಒಂದು ಹೆಜ್ಜೆ ಸರಿದರು. "ನೀನು?" ಮತ್ತೊಂದು ತಲೆ ಅಲ್ಲಾಡಿತು. ಕವಾಯತಿನ ಸಾಲು ತಪಾಸಣೆ ಮಾಡುವ ಹಾಗೆ, ಒಬ್ಬರನ್ನೂ ಬಿಡದೆ, ಎಲ್ಲರನ್ನೂ ಕೇಳುತ್ತ ಬಂದರು. ಹುಡುಗರು ಮುಗಿದರು. ಹುಡುಗಿಯರೂ. ಹಾಡು ಯಾವಾಗಲೋ ನಿಂತಿತ್ತು. ಕೊನೆಯಲ್ಲಿ ಮಗಳು. ಅವಳನ್ನು ಕೇಳದೆ ಅವರು ಮೇಜಿನ ಕಡೆ ತಿರುಗಿದರು.

"ಅಪ್ಪಾ, ನನ್ನ ಕೇಳಲಿಲ್ಲ ನೀನು."

ಅವರು ನಿಂತರು. ತಿರುಗಲಿಲ್ಲ. ಅವಳೇ ಎದ್ದು ಸುತ್ತಿ ಅವರ ಮುಂದೆ ಬಂದು ಬಟ್ಟಲನ್ನು ಅವರ ಕೈಯಿಂದ ತೆಗೆದುಕೊಂಡು ತುಟಿ ಹಚ್ಚಿ ಕುಡಿದಳು. ಮತ್ತೆ ಅವರ ಕೈಯಲ್ಲೇ ಇಟ್ಟು ತನ್ನ ಜಾಗಕ್ಕೆ ಹೋಗಿ ಕುಳಿತಳು. ಹೊರಗೆ ಕಿಟಕಿಯ ಬಳಿ ಯಾರೋ ಹೆಂಗಸು ಬಾಯಿ ಬಡಿದುಕೊಂಡ ಸದ್ದು ಕೇಳಿತು.

ಬಟ್ಟಲು ಹಳಬರ ಸಾಲಿಗೆ ಹೋಗದೆ ಮೇಜಿಗೆ ಹಿಂತಿರುಗಿದಾಗ ಹೆಚ್ಚು ಕಡಿಮೆ ತುಂಬಿಯೇ ಇತ್ತು. ನಾನೂ ಕುಡಿದೆ. ಅದನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಮಾಸ್ತರಗ ಅದರ ಪಗಾರ ಬರತೈತಿ ಎಂದು ಆಮೇಲೆ ಆಡಿಕೊಂಡರಂತೆ. ಉಳಿದ ರಸವನ್ನು ಪಾದ್ರಿ ಸಾಹೇಬರು ನಿಯಮದಂತೆ ಹೊರಗೆ ಒಯ್ದು ಮಣ್ಣಿಗೆ ಹೊಯ್ದರು. ಇರುವೆ ಮುತ್ತಿದವು.

ಮಳೆಗಾಲ ಹಿಡಿಯುವ ಮೊದಲೇ ಹವಾಲ್ದಾರರ ಮಗಳ ಮದುವೆಯಾಯಿತು. ಬಟ್ಟಲಿನ ಸುದ್ದಿ ಮುಟ್ಟುವ ಮೊದಲೇ ಮುಗಿಸಬೇಕೆಂದು ಭೀಮಾ ನದಿಯ ಆಚೆ ದೂರದ ಸಂಬಂಧ ಹುಡುಕಿದ್ದರು. ಕ್ರೈಸ್ತರ ಮನೆಯಲ್ಲ. ಹೋಗುವಾಗ ಬೈಬಲ್ಲು ಒಯ್ಯಲು ಬಿಡಲಿಲ್ಲ ಎಂದು ಕೇಳಿದೆ. ಒಯ್ದಳು ಎಂದು ಹೇಳಿದವರೂ ಇದ್ದಾರೆ. ನನ್ನ ವರ್ಗಕ್ಕೆ ದಿನ್ನೆಯ ಓಣಿಯ ಹುಡುಗರು ಬರುವುದು ನಿಂತಿತು. ನಾಚಿಕೆಗೋ ಸಿಟ್ಟಿಗೋ ಗೊತ್ತಿಲ್ಲ. ದಾರಿಯಲ್ಲಿ ನನ್ನನ್ನು ಕಂಡರೆ ಅಡ್ಡದಾರಿ ಹಿಡಿಯುತ್ತಿದ್ದರು. ನನಗೆ ವರ್ಗಾವಣೆಯಾಯಿತು.

ಹೊರಡುವ ಮೊದಲು ಬಟ್ಟಲನ್ನು ಚೀಲದಲ್ಲಿ ಹಾಕಿಕೊಂಡು ಹಳ್ಳದ ಬದಿಗೆ ಹೋದೆ. ತರುಣನ ಹೆಗಲ ಮೇಲೆ ಹಲಗೆ ಕಾಣಲು ಸಿದ್ಧನಾಗಿದ್ದೆ. ಹಲಗೆ ಗೋಡೆಯ ಮೇಲಿತ್ತು. ಅವನು ನಾರು ಬಿಡುತ್ತ ಹಿಂದಕ್ಕೆ ನಡೆಯುತ್ತಿದ್ದ.

"ಬಟ್ಟಲಾ ಬಂತು ಮಾಸ್ತರ" ಎಂದ, ನಾನು ಕೇಳುವ ಮೊದಲೇ. "ನನ್ನ ಕೈಗೆ ಬರೂದಷ್ಟ ಕೇಳಿದ್ದೆ ನಾನು. ನನ್ನ ಕೈಯಿಂದ ಮುಂದ ಹೋಗಬೇಕಂತ ಕೇಳೂದು ನನಗ ಹೊಳೀಲಿಲ್ಲ."

"ಹೊಳದಿದ್ರ ಜಾಣ ಆಗತಿದ್ದಿ" ಎಂದ ಕಾಕ ಚಕ್ರ ತಿರುಗಿಸುತ್ತ. "ನಾಳೆ ಗೌಡರ ಮನ್ಯಾಗ ಕಾರ್ಯ ಐತಿ. ಹಲಗಿ ತಯಾರ ಮಾಡಿ ಇಟ್ಟೀನಿ. ಬಾ ಅಂದ್ರ ಬರವೊಲ್ಲ. ನೀವರ ಹೇಳ್ರಿ ಮಾಸ್ತರ, ನಿಮ್ಮದು ಮುಗೀತಲ್ಲ."

"ಇಲ್ಲ ಕಾಕಾ."

"ಯಾಕ? ನಿಮ್ಮ ದೇವರ ಮನ್ಯಾಗ ಈಗ ಯಾರ ಅದಾರ? ಆ ಹವಾಲ್ದಾರ ಅದಾನ, ನೀ ಇದ್ದಿ. ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಂಗಿಲ್ಲ."

ತರುಣ ಹಗ್ಗದ ತುದಿ ಮುಟ್ಟುವವರೆಗೆ ಹಿಂದಕ್ಕೆ ನಡೆದ. ಗಂಟು ಹಾಕಿದ. "ಆಕಿ ಕುಡದಾಳ" ಎಂದ. "ಈಗ ಯಾರ ಮನ್ಯಾಗ ಇದ್ದಾಳೋ ಅಲ್ಲಿ ಬಾಯಿ ಬಿಟ್ಟು ಹೇಳಾಕೂ ಬರಂಗಿಲ್ಲ ಆಕೀಗಿ. ನಾ ಬಿಟ್ಟೆ ಅಂದ್ರ ಆಕಿ ಸುಮ್ಮಸುಮ್ಮನ ಕುಡದಂಗ ಆಗತೈತಿ."

ಕಾಕನೂ ಚಕ್ರ ನಿಲ್ಲಿಸಿದ.

ನಾನು ಬಟ್ಟಲನ್ನು ಅವನ ಮುಂದಿಟ್ಟೆ. ಅವನು ಮುಟ್ಟಲಿಲ್ಲ. "ನನ್ನ ಮನ್ಯಾಗ ಇಟ್ಟರ ಇದು ಹಗ್ಗದ ಓಣಿ ಬಟ್ಟಲಾಗತೈತಿ. ನೀವ ಒಯ್ರಿ."

ನಂಬಿಕೆಯಲ್ಲಿ ಗಟ್ಟಿ ನಿಲ್ಲಿಸು ಎಂದಿದ್ದರು. ಒಬ್ಬ ನಿಂತ. ನಾನು ಕಲಿಸಿದ ಯಾವ ಪ್ರಶ್ನೋತ್ತರವೂ ಅವನನ್ನು ನಿಲ್ಲಿಸಲಿಲ್ಲ, ಮತ್ತು ಅವನನ್ನು ನಿಲ್ಲಿಸಿದವಳು ಎಲ್ಲಿದ್ದಾಳೆ, ಯಾವ ಹೆಸರಿನಿಂದ ಕರೆಯಿಸಿಕೊಳ್ಳುತ್ತಾಳೆ, ಅವಳು ಗಟ್ಟಿಯಾಗಿದ್ದಾಳೋ ಇಲ್ಲವೋ ಎಂದು ನೋಡಿ ಬರುವಂತೆ ಮಿಶನ್ನಿನವರು ನನ್ನನ್ನಾಗಲಿ ಮತ್ತೊಬ್ಬರನ್ನಾಗಲಿ ಕಳಿಸಲಿಲ್ಲ.

ಬಸ್ಸಿಗೆ ಹೋಗುವ ದಿನ ಹವಾಲ್ದಾರರು ಬಂದು, ಬೇಡವೆಂದರೂ ಕೇಳದೆ ನನ್ನ ಟ್ರಂಕನ್ನು ಹೆಗಲಿಗೇರಿಸಿಕೊಂಡರು. ಒಳಗೆ ಬಟ್ಟಲಿತ್ತು. ಅವರು ಹೆಜ್ಜೆ ಹಾಕಿದಾಗೊಮ್ಮೆ ಅದು ಗ್ಲಾಸಿನ ಪೆಟ್ಟಿಗೆಗೆ ಬಡಿದು ಸದ್ದು ಮಾಡುತ್ತಿತ್ತು. ಏನದು ಎಂದು ಅವರು ಕೇಳಲಿಲ್ಲ. ಉಮದಿಯ ದಾರಿಯಲ್ಲಿ ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ ಟ್ರಂಕು ಇಳಿಸಿ ಬೆವರು ಒರೆಸಿಕೊಂಡರು. ಧೂಳೆಬ್ಬಿಸುತ್ತ ಬಸ್ಸು ಬರುವುದು ಕಂಡ ಮೇಲೆ ಬಾಯಿ ತೆರೆದರು.

"ಮಾಸ್ತರ, ಅವತ್ತ... ಕುಡಿಯೂ ಮುಂದ ಆಕೀ ಕೈ ನಡಗತಿತ್ತೇನು? ನಾ ನೋಡಲಿಲ್ಲ. ಮ್ಯಾಲೆ ನೋಡಾಕತ್ತಿದ್ದೆ."

"ಇಲ್ರಿ ಹವಾಲ್ದಾರ್ರ" ಎಂದೆ. "ಒಂದೀಟೂ ನಡಗಲಿಲ್ಲ."

ಅವರು ನೆಟ್ಟಗೆ ನಿಂತರು. ಬಸ್ಸು ಹೊರಟು ಬೇವಿನ ಮರ ಸಣ್ಣದಾಗುವವರೆಗೂ ಹಾಗೆಯೇ ನಿಂತಿದ್ದರು.

ನಡುಗಲಿಲ್ಲ ಎಂದು ನನಗೆ ಹೇಗೆ ಗೊತ್ತು? ಆ ಗಳಿಗೆಯನ್ನು ಎಷ್ಟು ಸಲ ಹಿಂದಕ್ಕೆ ಕರೆದರೂ ಅವಳ ಕೈಗಳು ಬರುವುದಿಲ್ಲ. ಬಟ್ಟಲು ಹೋದ ಮೇಲೂ ಬಟ್ಟಲು ಹಿಡಿದ ಹಾಗೆಯೇ ಗಾಳಿಯಲ್ಲಿ ಉಳಿದ, ಇಸ್ತ್ರಿ ಮಾಡಿದ ಕೋಟಿನ ತೋಳುಗಳಿಂದ ಹೊರಬಂದ ಎರಡು ಕೈಗಳು ಬರುತ್ತವೆ. ನಡುಗುತ್ತಿದ್ದವು ಅವು.